ಒಡಪಿನ ವಾರ್ಡು

ಶಿರಗೊಂಡ ನಗರಸಭೆಯ ದಾಖಲೆಯಲ್ಲಿ ಒಡಪಿನ ವಾರ್ಡು ಎಂಬುದು ಈಗ ಇಲ್ಲ. ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದಾಗ ಅದನ್ನು ಪೇಟೆಯ ಹದಿನಾಲ್ಕನೇ ವಾರ್ಡಿಗೆ ಸೇರಿಸಿಬಿಟ್ಟರು. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಆದರೂ ನೇಕಾರರ ಈ ನಾಲ್ಕು ಓಣಿಗಳ ಹತ್ತಿರ ಬಸ್ಸು ಬಂದರೆ ಕಂಡಕ್ಟರ್ ಕೂಗುವುದು ಆ ಹೆಸರನ್ನೇ. ಗಂಡನ ಹೆಸರನ್ನು ನೇರವಾಗಿ ಹೇಳಬಾರದೆಂದು ಹೆಂಗಸರು ಅದನ್ನು ಪ್ರಾಸದ ಸಾಲಿನಲ್ಲಿ ಹೆಣೆದು ಹೇಳುವುದಕ್ಕೆ ನಮ್ಮ ಕಡೆ ಒಡಪು ಎನ್ನುತ್ತಾರೆ. ಮದುವೆಮನೆಯ ಈ ಮಾತು ನಗರಸಭೆಯ ಕಚೇರಿಗೆ ಹೇಗೆ ನುಗ್ಗಿತೆಂಬುದನ್ನು ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ, ಊರಿಗೆ ಮೊದಲ ಚುನಾವಣೆ ಬಂದಾಗ, ಆರುನೂರು ಮತದಾರರಿದ್ದರೆ ಮಾತ್ರ ಪ್ರತ್ಯೇಕ ವಾರ್ಡು ಎಂದು ಗೊತ್ತುಮಾಡಿದ್ದರಂತೆ. ಇಲ್ಲವಾದರೆ ನೇಕಾರರು ಪೇಟೆಯ ಸಾವುಕಾರರ ವಾರ್ಡಿಗೆ ಸೇರಬೇಕು. ನಲ್ಲಿ ನೀರು ಕೇಳಲೂ ತಮ್ಮವನೊಬ್ಬ ಸಭೆಯಲ್ಲಿರುವುದಿಲ್ಲ. ಪಟ್ಟಿ ಬರೆಯಲು ಬಂದ ಕಾರಕೂನ ವೆಂಕಾಜಿ, ಹೇಳಿದ್ದನ್ನು ಹೇಳಿದ ಹಾಗೇ ಬರೆಯುವ ಮನುಷ್ಯ. ಗಂಡನ ಹೆಸರು ಕೇಳಿದರೆ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು "ನಮ್ಮನಿಯವರು" ಎಂದರು. ಆತ ಅದನ್ನೇ ಬರೆದುಕೊಂಡ. ಕನ್ನಡ ಅಷ್ಟಾಗಿ ಬಾರದ ಮೇಲಧಿಕಾರಿಗೆ, ನಮ್ಮನಿಯವರು ಎಂಬ ಒಬ್ಬನೇ ಗಂಡಸಿಗೆ ಇನ್ನೂರು ಹೆಂಡಿರು ಕಂಡರು! ಎಲ್ಲವೂ ಸುಳ್ಳು ಹೆಸರೆಂದು ಹೊಡೆದುಹಾಕಿದರು. ತಿದ್ದಬೇಕಾದರೆ ಮೂರು ದಿನದೊಳಗೆ ಆಯಾ ಹೆಂಗಸೇ ಕಚೇರಿಗೆ ಬಂದು ಗಂಡನ ಹೆಸರು ಹೇಳಬೇಕೆಂದು ಅಪ್ಪಣೆಯಾಯಿತು.

ಗಂಡಸರು ತಲೆಯ ಮೇಲೆ ಕೈಹೊತ್ತು ಕುಳಿತರು. ಎದ್ದವಳು ಬನವ್ವ, ಅರವತ್ತರ ವಿಧವೆ. "ಹೆಸರ ಹೇಳಬಾರದಂದ್ರ ಒಡಪು ಹೇಳ್ರಿ. ಹೇಳದ ತಿರುಗಿ ಬಂದಾಕೀನ ನಾ ಓಣ್ಯಾಗ ಕಾಲಿಡಗೊಡೂದಿಲ್ಲ" ಎಂದು ಮನೆಮನೆಗೆ ಹೋಗಿ ಹೇಳಿದಳಂತೆ. ಮೂರು ದಿನ ಮಗ್ಗಗಳು ನಿಂತವು. ಕಚೇರಿಯಲ್ಲಿ ಒಡಪಿನ ಮೇಲೆ ಒಡಪು. ವೆಂಕಾಜಿ ಒಂದಕ್ಷರ ಬಿಡದೆ ಬರೆದ. ಕೊನೆಯ ದಿನ ಇಳಿಹೊತ್ತಿಗೆ ಗಂಡಸರನ್ನೂ ಸೇರಿಸಿ ಎಣಿಸಿದರೆ ಐನೂರ ತೊಂಬತ್ತೊಂಬತ್ತು. ಉಳಿದವಳು ಬನವ್ವ ಒಬ್ಬಳೇ. ಮುತ್ತೈದೆಯರ ಒಡಪನ್ನು ವಿಧವೆ ಹೇಳುವ ರೂಢಿ ಇರಲಿಲ್ಲ. "ಯವ್ವಾ, ನಿಮ್ಮ ಅಪ್ಪನ ಹೆಸರ ಹೇಳ್ರಿ, ಸಾಕು" ಎಂದ ವೆಂಕಾಜಿ, ಮೆಲ್ಲಗೆ. "ಅಪ್ಪನ ಮನ್ಯಾಗ ಹನ್ನೆರಡು ವರ್ಷ ಇದ್ದೆ. ಇವರ ಜೋಡಿ ನಲವತ್ತು ವರ್ಷ ನೇದೀನಿ" ಎಂದಳು ಬನವ್ವ. ಆಮೇಲೆ ಎಲ್ಲರಿಗೂ ಕೇಳುವಂತೆ ಒಡಪು ಹೇಳಿದಳು. "ಹಾಸು ಹೊಕ್ಕು ಕೂಡಿದರ ಆಗತೈತಿ ಸೀರಿ, ಮುರಿಗೆಪ್ಪನವರ ಹೆಸರ ಹೇಳತೀನಿ ಊರಿಗೆಲ್ಲ ಸಾರಿ." ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ಅತ್ತುಬಿಟ್ಟರು ಎನ್ನುತ್ತಾರೆ. ವಾರ್ಡು ಉಳಿಯಿತು.

ಆ ಪಟ್ಟಿಯ ಪುಟಗಳು ಈಗ ನೇಕಾರರ ಸಂಘದ ಗೋಡೆಯ ಮೇಲೆ ಗಾಜಿನೊಳಗಿವೆ. ಅಲ್ಲಿಗೆ ಹೋದವರು ಯಾರು ಬೇಕಾದರೂ ನೋಡಬಹುದು. ಗಂಡನ ಹೆಸರಿಗೆಂದು ಬಿಟ್ಟ ಜಾಗ ಸಾಲದೆ ಒಡಪುಗಳು ಅಂಚು ದಾಟಿ ಹೋಗಿವೆ. ಕೊನೆಯ ಸಾಲಿನಲ್ಲಿ ವೆಂಕಾಜಿ, ರೂಢಿಯಂತೆ, ಮುರಿಗೆಪ್ಪನ ಹೆಸರಿಗೆ ಮುಂಚೆ ದಿವಂಗತ ಎಂದು ಸೇರಿಸಿದ್ದನಂತೆ. ಓದಿಸಿ ಕೇಳಿದ ಬನವ್ವ "ನಾ ಹಂಗ ಹೇಳಿಲ್ಲ" ಎಂದಳು. ಆ ಪದದ ಮೇಲೆ ಆತ ಎಳೆದ ಗೆರೆ ಇಂದಿಗೂ ಕಾಣುತ್ತದೆ.