ನಾವೂ ಬಾಗುವೆವು ಎಂದು ಹಾಡಿದ ದೊರೆ

ಕೇಳ್ರಪ್ಪಾ, ಮೂಡಲ ಸೀಮೆಯಲ್ಲಿ ಒಬ್ಬ ದೊರೆ ಇದ್ದ. ಅವನ ರಾಜ್ಯದಲ್ಲಿ ನಿಂಬವ್ವ ಅಂತ ಒಬ್ಬಳು ಒಂಟಿ ಹೆಂಗಸು, ರಾಗಿ ಬೆಳೆದು ಬಾಳುತ್ತಿದ್ದಳು.

ಒಂದು ದಿನ ಉಣ್ಣುತ್ತಾ ಕೂತ ದೊರೆಗೆ, ಅನ್ನ ಕೊಟ್ಟ ರೈತರಿಗೆ ಏನಾದರೂ ಮಾಡಬೇಕು ಅನ್ನಿಸಿತು. ಮಂತ್ರಿಯನ್ನು ಕೇಳಿದ.

"ಹಾಡು ಹೇಳೋಣ ಪ್ರಭು. ಅದಕ್ಕಿಂತ ಸಲೀಸು ಇನ್ನೊಂದಿಲ್ಲ" ಅಂದ ಮಂತ್ರಿ.

ಆಸ್ಥಾನ ಕವಿ ಹಾಡು ಬರೆದ. ದೊರೆಯೇ ಹಾಡುವುದೆಂದಾಯಿತು. ರೈತರೆಲ್ಲ ಅರಮನೆಗೆ ಬಂದು ಹೊಗಳಿಸಿಕೊಳ್ಳಬೇಕು, ಬಾರದವರಿಗೆ ಛಡಿಯೇಟು ಅಂತ ಡಂಗುರ ಹೊಡೆಸಿದರು.

ಮೊದಲನೇ ಸಲ ಕರೆದದ್ದು ಬಿತ್ತನೆಯ ಹೊತ್ತಿಗೆ. ನಿಂಬವ್ವ ಬೀಜದ ಕುಕ್ಕೆ ಇಳಿಸಿ ಓಡಿದಳು. ಬಾಗಿಲಲ್ಲಿ ಕಾವಲುಗಾರ, "ಕೆಸರುಗಾಲು ತೊಳೆದು ಬಾ" ಅಂದ. ಒಳಗೆ ದೊರೆ, "ಕೆಸರಿನ ಪಾದವೇ ಕಮಲದ ಪಾದ" ಅಂತ ಹಾಡುತ್ತಿದ್ದ. ಹಾಡು ಮೂರು ದಿನ ನಡೆಯಿತು. ಅಷ್ಟರಲ್ಲಿ ಹೊಲದ ಹದ ಆರಿತ್ತು. ಇನ್ನೊಂದು ಮಳೆಗೆ ಕಾದು ಬಿತ್ತಿದಳು.

ಎರಡನೇ ಸಲ ಕಳೆ ಕೀಳುವಾಗ ಕರೆದರು.

"ಸ್ವಾಮಿ, ಕಳೆ ನಿಲ್ಲು ಅಂದ್ರೆ ನಿಲ್ಲಲ್ಲ" ಅಂದಳು ನಿಂಬವ್ವ.

"ಕೆಲಸ ದಿನಾ ಇರುತ್ತಮ್ಮಾ. ದೊರೆ ಹೊಗಳೋದು ದಿನಾ ಇರುತ್ತಾ?" ಅಂದ ಮಂತ್ರಿ. ಅವಳು ಮನೆಗೆ ಬರುವಷ್ಟರಲ್ಲಿ ಕಳೆ ಪೈರನ್ನು ಮೀರಿ ಬೆಳೆದಿತ್ತು.

ಮೂರನೇ ಸಲ ಕೊಯ್ಲು. ತೆನೆ ಬಲಿತು ನಿಂತಿದೆ, ಬಾನಲ್ಲಿ ಮೋಡ ಕಟ್ಟಿದೆ. ಆಗಲೇ ಮತ್ತೆ ಡಂಗುರ. ವರ್ಷದ ಹಿಟ್ಟು ನೀರುಪಾಲಾಗುತ್ತಲ್ಲ ಅಂತ ನಿಂಬವ್ವ ಮಸೆದ ಕುಡುಗೋಲು ಕೆಳಗಿಟ್ಟು ಹೊರಟಳು. ಹೋಗಿ ಮುಂದಿನ ಸಾಲಿನಲ್ಲೇ ಕೂತಳು.

ದೊರೆ ಕಣ್ಣು ಮುಚ್ಚಿ ಹಾಡಿದ: "ನೀವು ಬಾಗಿದ ಹೊಲದಲಿ ನಾವೂ ಬಾಗುವೆವು, ನಿಮ್ಮ ಬೆವರೊಳಗೆ ನಮ್ಮ ಬೆವರು."

ನಿಂಬವ್ವ ಎದ್ದು ಕೈಮುಗಿದಳು. "ಹೊಟ್ಟೆ ತಂಪಾಯ್ತು ದೊರೆ. ಕುಡುಗೋಲು ಮಸೆದಿಟ್ಟೀವಿ. ಯಾರ ಹೊಲದಿಂದ ಬಾಗೋಕೆ ಸುರು ಮಾಡ್ತೀರಿ?"

ಮಂತ್ರಿ ಮುಂದೆ ಬಂದ. "ಅದು ಬರೀ ಹಾಡಿನ ಮಾತು ಕಣಮ್ಮಾ."

"ಹಂಗಾದ್ರೆ ದೊರೆ ಇಷ್ಟು ಜನರ ಮುಂದೆ ಸುಳ್ಳು ಹೇಳಿದ್ರು ಅಂತೀರಾ?"

ಮಂತ್ರಿ ಇಕ್ಕಟ್ಟಿಗೆ ಸಿಕ್ಕಿದ. ಹೌದು ಅಂದರೆ ತಲೆ ಹೋಗುತ್ತೆ, ಅಲ್ಲ ಅಂದರೆ ಹೊಲಕ್ಕೆ ಹೋಗಬೇಕು. ದೊರೆಗೆ ಮುಖ ಉಳಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಕಿರೀಟ ತೆಗೆದಿಟ್ಟು ನಡೆದ. "ನಾವೂ" ಅಂತ ಬರೆದ ತಪ್ಪಿಗೆ ಕವಿಯೂ, ಹಾಡಿನ ಉಪಾಯ ಕೊಟ್ಟ ತಪ್ಪಿಗೆ ಮಂತ್ರಿಯೂ ಹಿಂದೆ ಹೊರಟರು.

ಒಂದು ಸಾಲು ಕೊಯ್ಯುವಷ್ಟರಲ್ಲಿ ಕವಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಎರಡನೇ ಸಾಲಿಗೆ ಮಂತ್ರಿಯ ಸೊಂಟ ಹಿಡಿಯಿತು. ಮೂರನೇ ಸಾಲಿನಲ್ಲಿ ದೊರೆ ಅಲ್ಲೇ ಕುಕ್ಕರಿಸಿದ. ಆದರೂ ಅರಮನೆಯ ಆಳುಕಾಳೆಲ್ಲ ದೊರೆಯ ಹಿಂದೆ ಬಂದಿದ್ದರಿಂದ, ಮಳೆ ಬೀಳುವ ಮುಂಚೆ ಊರಿನ ಅಷ್ಟೂ ರಾಗಿ ಮೆದೆ ಸೇರಿತು.

ನಿಂಬವ್ವ ಮಜ್ಜಿಗೆ ಕೊಟ್ಟು, "ಇವತ್ತಿನ ಹಾಡು ಬಲು ಚೆನ್ನಾಗಿತ್ತು ದೊರೆ" ಅಂದಳು.

"ನಾನು ಹಾಡಲೇ ಇಲ್ಲವಲ್ಲ" ಅಂದ ದೊರೆ.

"ಅದಕ್ಕೇ" ಅಂದಳು ನಿಂಬವ್ವ.

ದುಡಿಯುವವರನ್ನು ಕೆಲಸ ಬಿಡಿಸಿ ಹೊಗಳುವುದು ಉಪಕಾರ ಸ್ಮರಣೆಯಲ್ಲ, ಉಪದ್ರವ. ನೆನೆಯುವ ಮನಸ್ಸಿದ್ದರೆ ಮೊದಲು ಕೈ ಜೋಡಿಸಬೇಕು.