ಹಳೆ ಕಾರಿಗೆ ದನಿ ಕೂಡಿಸಿದವನು

ಗದಗಿನಲ್ಲಿ ಅಂದಾನಪ್ಪ ಮತ್ತು ದಾವಲಸಾಬ ಎಂಬ ಇಬ್ಬರು ಫೋಟೊಗ್ರಾಫರುಗಳಿದ್ದರು. ಇಬ್ಬರಿಗೂ ಸೇರಿ ಒಂದೇ ಸ್ಟುಡಿಯೊ, ಒಂದೇ ಕಾರು. ಇಪ್ಪತ್ತೆಂಟು ವರ್ಷ ಸುತ್ತಲಿನ ಹಳ್ಳಿಗಳ ಮದುವೆಗಳಿಗೆ ಕೂಡಿಯೇ ಹೋದರು, ಕೂಡಿಯೇ ಬಂದರು. ಕಾರು ಓಡಿಸುವುದು, ಲೈಟು ಹಿಡಿಯುವುದು ಅಂದಾನಪ್ಪನ ಪಾಲು. ಫೋಟೊ ತೆಗೆಯುವುದು, ದಾರಿಯುದ್ದಕ್ಕೂ ಮಾತಾಡುವುದು ದಾವಲಸಾಬನ ಪಾಲು.

ಕಾರು ಕೆನೆಬಣ್ಣದ ಹಳೆಯ ಫಿಯೆಟ್. ಅದರಲ್ಲಿ ರೇಡಿಯೊ ಇರಲಿಲ್ಲ. ಒಂದು ಹಾಕಿಸೋಣವೇ ಎಂದು ಅಂದಾನಪ್ಪ ಕೇಳಿದರೆ ದಾವಲಸಾಬ, "ನಾ ಇರೂತನಕಾ ಅದ್ಯಾಕ ಬೇಕೋ?" ಅನ್ನುತ್ತಿದ್ದ. ಅದು ನಿಜವೂ ಆಗಿತ್ತು. ಕಾರಿನ ಬಾಗಿಲು ಮುಚ್ಚಿದ ಕೂಡಲೇ ಅವನ ಬಾಯಿ ತೆರೆಯುತ್ತಿತ್ತು. ಯಾವ ಮದುಮಗ ಫೋಟೊಕ್ಕೆ ನಗಲಿಲ್ಲ, ಯಾವ ಬೀಗರು ಪಂಕ್ತಿಯಿಂದ ಎದ್ದು ಹೋದರು, ಯಾವ ಅಜ್ಜಿ ಫೋಟೊದಲ್ಲಿ ತನ್ನ ನತ್ತು ಕಾಣಲಿಲ್ಲವೆಂದು ಮರುದಿನ ಸ್ಟುಡಿಯೊಕ್ಕೆ ಬಂದು ಕೂತಳು, ಎಲ್ಲವನ್ನೂ ಹೇಳುತ್ತಿದ್ದ. ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಅಂದಾನಪ್ಪನಿಗೆ ಬೇಸರವಾಗುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ದಾವಲಸಾಬನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ನಿಧಾನವಾಯಿತು, ಆದರೆ ಉಳಿಯಿತು. ಅವನ ಹೆಂಡತಿ ತೀರಿ ಎಷ್ಟೋ ವರ್ಷವಾಗಿತ್ತು. ಬಾದಾಮಿಯಲ್ಲಿದ್ದ ಮಗಳು ಮಮತಾಜ ಬಂದು ಅಪ್ಪನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಸ್ಟುಡಿಯೊ ಮುಚ್ಚಿತು.

ಅಂದಾನಪ್ಪ ಒಂದೇ ಒಂದು ಸಲ ಬಾದಾಮಿಗೆ ಹೋದ. ಗೆಳೆಯ ಗೋಡೆಗೆ ಒರಗಿ ಕೂತಿದ್ದ. ಮಗಳು ಚಹಾ ತಂದಿಟ್ಟಳು. ದಾವಲಸಾಬ ಎಡಗೈಯಿಂದ ಕಪ್ಪು ಎತ್ತಲು ಹೋಗಿ ಅಂಗಿಯ ಮೇಲೆ ಚೆಲ್ಲಿಕೊಂಡ. ಕ್ಯಾಮರಾ ಹಿಡಿಯುತ್ತಿದ್ದ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅಂದಾನಪ್ಪ ಆ ಕೈಯನ್ನು ನೋಡಲಾರದೆ ಕಿಟಕಿಯ ಕಡೆ ನೋಡಿದ. ಚಹಾ ಕುಡಿದ ಹಾಗೆ ಮಾಡಿ ಬೇಗ ಎದ್ದುಬಂದ. 'ಅವಗ ನಾಚಿಕಿ ಆಕ್ಕೈತಿ. ಮತ್ತ ಮತ್ತ ಹೋಗಿ ನೋಯಿಸೂದು ಬ್ಯಾಡ' ಎಂದು ದಾರಿಯಲ್ಲಿ ತನಗೆ ತಾನೇ ಹೇಳಿಕೊಂಡ. ಆಮೇಲೆ ಹೋಗಲಿಲ್ಲ. ಫೋನು ಮಾಡುತ್ತಿದ್ದ.

ಆದರೆ ರವಿವಾರ ಬಂದರೆ ಕಷ್ಟವಾಗುತ್ತಿತ್ತು. ಎಂಜಿನ್ ಕೆಡದಿರಲೆಂದು ಅವನು ರವಿವಾರ ಮುಂಜಾನೆ ಕಾರು ತೆಗೆದು ಊರ ಹೊರಗೆ ಒಂದು ಸುತ್ತು ಹೋಗಿಬರುತ್ತಿದ್ದ. ಪಕ್ಕದ ಸೀಟು ಖಾಲಿ. ಗೇರು ಬದಲಿಸುವಾಗಲೆಲ್ಲ ಕಣ್ಣು ಎಡಕ್ಕೆ ಹೊರಳುತ್ತಿತ್ತು. ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ಕೊನೆಗೆ ಫೋನನ್ನು ಆ ಸೀಟಿನ ಮೇಲಿಟ್ಟು ಗೆಳೆಯನಿಗೆ ಕರೆ ಮಾಡಿ ನೋಡಿದ. ಎಂಜಿನ್ನಿನ ಸದ್ದು ದನಿಯನ್ನು ನುಂಗಿತು. ಹತ್ತು ನಿಮಿಷದಲ್ಲಿ ಫೋನಿನ ಚಾರ್ಜೂ ಮುಗಿಯಿತು.

ಮರುದಿನವೇ ಅವನು ಕಾರನ್ನು ಸುವರ್ಣಾಳ ಅಂಗಡಿಗೆ ಒಯ್ದ. ಸುವರ್ಣಾ ತಂದೆಯ ಕಾಲದಿಂದ ನಡೆದುಬಂದ ಗಾಡಿ ವೈರಿಂಗ್ ಅಂಗಡಿ ನೋಡಿಕೊಳ್ಳುತ್ತಿದ್ದಳು. ನಲವತ್ತರ ಹೆಂಗಸು, ಕೆಲಸದಲ್ಲಿ ಗಟ್ಟಿ.

"ಇದರಾಗ ಫೋನ್ ಚಾರ್ಜ್ ಆಗಬೇಕವ್ವಾ. ಫೋನಿನ ದನಿ ಗಾಡಿ ತುಂಬ ಕೇಳಬೇಕು. ಮಗ್ಗಲದಾಗ ಕುಂತು ಮಾತಾಡಿದಂಗ ಕೇಳಬೇಕು," ಅಂದ ಅಂದಾನಪ್ಪ.

ಅವಳು ಬಾನೆಟ್ಟು ಎತ್ತಿ ನೋಡಿದಳು. "ಹಳೇ ವೈರಿಗೆ ಹೊಸಾ ಭಾರ ಹೊರಿಸಿದ್ರ ಸುಟ್ಟು ಹೊಕ್ಕಾವ್ರಿ ಕಾಕಾರ. ಬ್ಯಾಟ್ರಿಯಿಂದ ಬ್ಯಾರೇನ ವೈರ್ ಎಳೀತೇನಿ, ನಡುವ ಫ್ಯೂಜ್ ಹಾಕ್ತೇನಿ. ಡ್ಯಾಶ್‌ಬೋರ್ಡ್ ಮಾತ್ರ ಕೊಯ್ಯೂದಿಲ್ಲ. ಇಂಥಾ ತಗಡು ಮತ್ತ ಸಿಗೂದಿಲ್ಲ."

ಎರಡು ದಿನ ಕೆಲಸ ನಡೆಯಿತು. ಆಡಿಯೊ ಸೆಟ್ಟನ್ನು ಅವಳು ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಕೂರಿಸಿದಳು. ಸ್ಪೀಕರುಗಳನ್ನು ಸೀಟುಗಳ ಕೆಳಗೆ ಇಟ್ಟಳು. ಚಾರ್ಜಿಂಗ್ ಸಾಕೆಟ್ಟು ಸ್ಟೀರಿಂಗಿನ ಕೆಳಗೆ ಯಾರಿಗೂ ಕಾಣದಂತೆ ಕೂತಿತು. ಕಡಲೆಕಾಳಿನಷ್ಟಿದ್ದ ಮೈಕನ್ನು ಮುಂದಿನ ಗಾಜಿನ ಮೇಲ್ತುದಿಗೆ ಅಂಟಿಸಿದಳು. ಎಂಜಿನ್ ಚಾಲು ಮಾಡಿದರೆ ಸ್ಪೀಕರಿನಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸದ್ದು ಬಂತು. ಅರ್ಥಿಂಗ್ ಸರಿಯಿಲ್ಲವೆಂದು ಅವಳು ಒಂದು ಕಡೆ ಬಣ್ಣ ಉಜ್ಜಿ ತೆಗೆದು, ಬರಿಯ ತಗಡಿಗೆ ವೈರು ಬಿಗಿದಳು. ಸದ್ದು ಹೋಯಿತು.

ಕೈ ಒರೆಸಿಕೊಳ್ಳುತ್ತ ಕೇಳಿದಳು: "ಇಷ್ಟೆಲ್ಲಾ ಯಾರ ಸಲುವಾಗ್ರಿ?"

"ನಮ್ಮ ದಾವಲಸಾಬನ ಸಲುವಾಗಿ. ಬಾದಾಮ್ಯಾಗ ಅದಾನ. ಎದ್ದು ಅಡ್ಡಾಡಾಕ ಆಗೂದಿಲ್ಲ."

"ಬಾದಾಮಿಗೆ ಈ ಗಾಡಿ ಹೊಕ್ಕೈತಲ್ರೀ ಕಾಕಾರ. ಎರಡು ತಾಸಿನ ದಾರಿ."

"ಗಾಡಿ ಹೊಕ್ಕೈತಿ," ಅಂದ ಅಂದಾನಪ್ಪ. ರೊಕ್ಕ ಎಣಿಸಿ ಕೊಟ್ಟು ಕಾರು ಹತ್ತಿದ.

ಮೊದಲ ರವಿವಾರ ಅವನು ಫೋನಿಗೆ ಚಾರ್ಜಿನ ವೈರು ಸಿಕ್ಕಿಸಿ, ಕರೆ ಮಾಡಿ, ಕಾರು ಓಡಿಸಿದ. ಎಡಗಡೆ ಸೀಟಿನ ಕೆಳಗಿನಿಂದ ದನಿ ಎದ್ದಿತು.

"ಅಂದಾನಿ, ಎಲ್ಲಿ ಅದೀ?"

ಅಂದಾನಪ್ಪನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ದನಿ ಅಷ್ಟು ಹತ್ತಿರದಲ್ಲಿತ್ತು. ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಅವನು ಮತ್ತೆ ಕಾರು ಮುಂದಕ್ಕೆ ಓಡಿಸುತ್ತ, "ಊರು ದಾಟೇನಿ. ಯಾವ ಕಡೆ ಹೋಗೂಣು?" ಅಂದ.

"ರೋಣದ ದಾರಿ ಹಿಡಿ," ಅಂದ ದಾವಲಸಾಬ.

ಅಂದು ಗಾಳಿಯಂತ್ರಗಳ ದಿಬ್ಬದವರೆಗೆ ಹೋದರು. ಹೋದರು ಅನ್ನುವುದೇ ಸರಿ. ಅಂದಾನಪ್ಪ ಕಂಡದ್ದನ್ನು ಹೇಳುತ್ತ ಹೋದ, ದಾವಲಸಾಬ ಕಾಣದ್ದನ್ನು ಹೇಳುತ್ತ ಬಂದ. "ಅಲ್ಲೊಂದು ಬೇವಿನ ಗಿಡ ಇರಬೇಕು ನೋಡು." "ಕಡದಾರ." "ಕಡದ್ರ? ಅದರ ನೆಳ್ಳಾಗ ಮದುಮಗಳು ಅಳಕೋತ ಕುಂತಿದ್ಲಲ್ಲೋ, ಅವರಪ್ಪ ಬರೂತನಕಾ ಫೋಟೊ ಬ್ಯಾಡ ಅಂತ." ಅಂದಾನಪ್ಪ ಎಷ್ಟೋ ದಿನಗಳ ಮೇಲೆ ಗಟ್ಟಿಯಾಗಿ ನಕ್ಕ.

ಎರಡನೆಯ ರವಿವಾರ, "ಇವತ್ತ ರೋಣದ ತನಕ ಹೋಗು," ಅಂದ ದಾವಲಸಾಬ. ಹೋದ. ಮೂರನೆಯ ರವಿವಾರ, "ಮಲಪ್ರಭಾ ಸೇತುವೆ ತನಕ," ಅಂದ. ಅಲ್ಲಿಗೂ ಹೋದ. ಸೇತುವೆಯ ಪಕ್ಕ ಕಾರು ನಿಲ್ಲಿಸಿ ಹೊಳೆಯಲ್ಲಿ ನೀರೆಷ್ಟಿದೆ, ಯಾವ ಬಂಡೆ ಮುಳುಗಿದೆ, ಯಾವುದು ಕಾಣುತ್ತಿದೆ ಎಂದೆಲ್ಲ ಹೇಳಿದ. ದಾವಲಸಾಬ ಎಲ್ಲವನ್ನೂ ಕೇಳಿಸಿಕೊಂಡ.

"ಇಲ್ಲಿಂದ ಮುಂದ?" ಅಂದ.

ಮುಂದೆ ಬಾದಾಮಿ. ಅದು ಇಬ್ಬರಿಗೂ ಗೊತ್ತಿತ್ತು.

"ಬಿಸಲಾತು. ಹೊಳ್ಳಿ ಹೊಕ್ಕೇನಿ," ಅಂದ ಅಂದಾನಪ್ಪ, ಕಾರನ್ನು ಗದಗಿನ ಕಡೆ ತಿರುಗಿಸುತ್ತ.

"ಮುಂದಿನ ರವಿವಾರ ಇಲ್ಲಿಂದ ಮುಂದಿನ ದಾರಿ ನೋಡೂಣಲಾ?"

"ನೋಡೂಣು."

ಆ ವಾರವೆಲ್ಲ ಅಂದಾನಪ್ಪನ ಕಣ್ಣಿಗೆ ಅಂಗಿಯ ಮೇಲೆ ಚೆಲ್ಲಿದ ಚಹಾ, ತೊಡೆಯ ಮೇಲೆ ಬಿದ್ದ ಕೈ ಇವೇ ಬರುತ್ತಿದ್ದವು. ಕಾರಿನಲ್ಲಿ ಕೇಳುವ ದಾವಲಸಾಬ ಹಳೆಯ ದಾವಲಸಾಬನೇ. ಬಾದಾಮಿಯಲ್ಲಿ ಕೂತಿರುವವನು ಬೇರೆ. ಹೋದರೆ ಕಾರಿನ ಈ ದಾವಲಸಾಬನನ್ನೂ ಕಳೆದುಕೊಳ್ಳುತ್ತೇನೆ ಎಂದು ಅವನಿಗೆ ಭಯ.

ರವಿವಾರ ಬಂತು. ಅವನು ಕಾರಿನಲ್ಲಿ ಕೂತ. ಎಂಜಿನ್ ಚಾಲು ಮಾಡಿದ. ಆದರೆ ಮನೆಯ ಮುಂದಿನಿಂದ ಕಾರು ಕದಲಿಸಲಿಲ್ಲ. ನಿಂತಲ್ಲೇ ಕರೆ ಮಾಡಿದ.

"ಎಲ್ಲಿ ಅದೀ?"

"ಊರು ದಾಟೇನಿ."

ಆಮೇಲೆ ಹೇಳುತ್ತ ಹೋದ. ದಾರಿ ಬಾಯಿಪಾಠವಾಗಿತ್ತು. ದಿಬ್ಬ ಬಂತು ಅಂದ. ನಡುನಡುವೆ ಎಂಜಿನ್ನಿನ ವೇಗ ಏರಿಸಿದ, ಇಳಿಸಿದ. ರೋಣ ಬಂತು ಅಂದ. ಒಂದೂವರೆ ತಾಸಾದ ಮೇಲೆ ಹೊಳೆಯ ಸೇತುವೆ ಬಂತು ಅಂದ. ದಾವಲಸಾಬ ಅಂದು ಹೆಚ್ಚು ಮಾತಾಡಲಿಲ್ಲ. ಹೂಂ, ಹೂಂ ಅನ್ನುತ್ತಿದ್ದ. ಅವನ ಹೂಂ ಎಂಬುದರಲ್ಲಿ ಒಂದು ಸಡಗರವಿತ್ತು.

ಆಗ ಓಣಿಯಲ್ಲಿ ಸೊಪ್ಪು ಮಾರುವ ಹೆಂಗಸು ಬಂದಳು. ಬುಟ್ಟಿ ಹೊತ್ತು ಕಾರಿನ ಪಕ್ಕದಲ್ಲೇ ನಿಂತು, "ಮೆಂತೆಪಲ್ಯಾ, ಹುಣಸಿಕ್ಕ, ರಾಜಗಿರಿ" ಎಂದು ಕೂಗಿದಳು. ಅಂದಾನಪ್ಪ ಕೈ ಬೀಸಿ ಹೋಗೆಂದ. ಅವಳು ಇನ್ನೊಮ್ಮೆ ಕೂಗಿ ಮುಂದೆ ಹೋದಳು.

ಸ್ಪೀಕರಿನಲ್ಲಿ ಬರುತ್ತಿದ್ದ ಹೂಂ ನಿಂತಿತು.

"ಅಂದಾನಿ," ಅಂದ ದಾವಲಸಾಬ ಕೊನೆಗೆ, "ಹೊಳಿ ಸೇತುವೆ ಮ್ಯಾಲೆ ಮೆಂತೆಪಲ್ಯಾ ಮಾರಾಕ ಬಂದಾರೇನು?"

ಅಂದಾನಪ್ಪ ಎಂಜಿನ್ನಿನ ವೇಗ ಇಳಿಸಿದ.

"ನಿನ್ನ ಮೈಕು ಭಾಳ ಚಲೋ ಐತೋ. ಎಲ್ಲಾ ಕೇಳಸ್ತೈತಿ." ಉಸಿರು ಎಳೆದುಕೊಂಡು ನಿಧಾನವಾಗಿ ಮುಂದುವರಿಸಿದ: "ಮಮತಾಜಗ ಹೇಳಿ ಗಡ್ಡ ತಿದ್ದಿಸಿಕೊಂಡಿದ್ದೆ. ಹೊರಗ ಕಟ್ಟಿ ಮ್ಯಾಲೆ ಖುರ್ಚಿ ಹಾಕಿಸಿಕೊಂಡು ಕುಂತೇನಿ. ನೀ ಬರ್ತಿ ಅಂತ."

"ದಾವಲಾ, ನಾ ಏನ ಅಂದ್ರ..."

"ಇರಲಿ ಬಿಡು," ಅಂದ ದಾವಲಸಾಬ. ಕರೆ ನಿಂತಿತು.

ಎಂಜಿನ್ ಇನ್ನೂ ಚಾಲು ಇತ್ತು. ಟಾಕಿಯಲ್ಲಿ ಪೆಟ್ರೋಲಿತ್ತು. ಆಗಲೇ ಹೊರಟಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಬಹುದಿತ್ತು. ಅಂದಾನಪ್ಪ ಗೇರಿನ ಮೇಲೆ ಕೈಯಿಟ್ಟ. ಸುಳ್ಳು ಹೇಳಿ ಸಿಕ್ಕಿಬಿದ್ದ ಮುಖ ಹೊತ್ತುಕೊಂಡು ಹೇಗೆ ಹೋಗುವುದು ಅನ್ನಿಸಿತು. ಮುಂದಿನ ರವಿವಾರ, ಏನೇ ಆಗಲಿ, ನಸುಕಿನಲ್ಲೇ ಹೊರಟು ಹೋಗಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡ. ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ ಒಳಗೆ ಹೋದ.

ಗುರುವಾರ ಮುಂಜಾನೆ ಮಮತಾಜಳ ಫೋನು ಬಂತು. ಅಪ್ಪನಿಗೆ ಮತ್ತೊಮ್ಮೆ ಲಕ್ವಾ ಹೊಡೆದಿತ್ತು. ದವಾಖಾನೆಗೆ ಸೇರಿಸಿದ್ದರು. "ಜೀವಕ್ಕ ಏನೂ ಭಯ ಇಲ್ಲಂದಾರ ಕಾಕಾ. ಆದರ ಮಾತು ನಿಂತೈತಿ."

ಅಂದಾನಪ್ಪ ಹಾಕಿಕೊಂಡ ಅಂಗಿಯಲ್ಲೇ ಹೊರಟ. ದಿಬ್ಬ ಬಂತು, ರೋಣ ಬಂತು, ಹೊಳೆಯ ಸೇತುವೆ ಬಂತು. ಹೇಳಲು ಯಾರೂ ಇರಲಿಲ್ಲ. ಸ್ಪೀಕರುಗಳು ಸುಮ್ಮನಿದ್ದವು. ಸೇತುವೆಯ ಆಚೆಯ ದಾರಿ ಎಷ್ಟು ಚಿಕ್ಕದೆಂದು ಅವನ ಮನಸ್ಸಿಗೆ ಅಂದೇ ತಟ್ಟಿದ್ದು.

ದವಾಖಾನೆಯಲ್ಲಿ ದಾವಲಸಾಬ ಕಣ್ಣು ಮುಚ್ಚಿ ಮಲಗಿದ್ದ. ಅಂದಾನಪ್ಪ ಹಾಸಿಗೆಯ ಪಕ್ಕ ಕೂತು ಬಿದ್ದಿದ್ದ ಬಲಗೈಯನ್ನು ಎತ್ತಿ ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡ. ಅದು ಬೆಚ್ಚಗಿತ್ತು. ನೋಡಲು ಅಷ್ಟು ಹೆದರಿದ್ದ ಕೈ, ಹಿಡಿದರೆ ಬರೀ ಗೆಳೆಯನ ಕೈ.

ಮಮತಾಜ ನೀರು ತಂದುಕೊಟ್ಟಳು. ಸಿಟ್ಟಿನಿಂದಲ್ಲ, ಸುಮ್ಮನೆ ನೆನಪಾಗಿ ಹೇಳಿದಳು: "ರವಿವಾರ ಫೋನ್ ಇಟ್ಟಮ್ಯಾಲೂ ಅಪ್ಪ ಕಟ್ಟಿ ಬಿಟ್ಟು ಏಳಲಿಲ್ಲ ಕಾಕಾ. ಬಿಸಲು ಏರೇತಿ, ಒಳಗ ನಡೀರಿ ಅಂದೆ. 'ಇರು, ಗಾಡಿ ಹಳೇದೈತಿ, ಬರೂದು ತಡಾ ಆಕ್ಕೈತಿ' ಅಂದ್ರು. ಸಂಜೀತನಕಾ ಕುಂತಿದ್ರು."

ಅಂದಾನಪ್ಪ ನೀರಿನ ಲೋಟ ಕೆಳಗಿಟ್ಟ.

ತಿಂಗಳು ಕಳೆಯಿತು. ದಾವಲಸಾಬ ಮನೆಗೆ ಬಂದ, ಮಾತು ಬರಲಿಲ್ಲ. ಈಗ ಅಂದಾನಪ್ಪ ಪ್ರತಿ ರವಿವಾರ ಬಾದಾಮಿಗೆ ಹೋಗುತ್ತಾನೆ. ಮಮತಾಜಳ ಗಂಡನೂ ಅವನೂ ಸೇರಿ ದಾವಲಸಾಬನನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸುತ್ತಾರೆ. ಕಾರು ಕೆರೆಯ ದಂಡೆಯವರೆಗೆ ಮೆಲ್ಲಗೆ ಹೋಗುತ್ತದೆ. ಆಡಿಯೊ ಇಂದಿಗೂ ಚೆನ್ನಾಗಿದೆ. ಜಗತ್ತಿನ ಯಾವ ಹಾಡು ಬೇಕಾದರೂ ಅದರಲ್ಲಿ ಬರುತ್ತದೆ. ಅಂದಾನಪ್ಪ ಅದನ್ನು ಹಚ್ಚುವುದಿಲ್ಲ. ಪ್ರತಿ ತಿರುವಿನಲ್ಲೂ ಕಿವಿಗೊಟ್ಟು ಕಾಯುತ್ತಾನೆ. ಒಂದು ಮಾತು, ಅರ್ಧ ಮಾತು ಬಂದೀತೇ ಎಂದು. ಬರುವುದಿಲ್ಲ.

ಒಂದು ದಿನ ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸಿ, ಸ್ಟೀರಿಂಗ್ ನೋಡುತ್ತಲೇ ಹೇಳಿದ: "ನಿನಗ ನಾಚಿಕಿ ಆಕ್ಕೈತಿ ಅಂತ ಬರಲಿಲ್ಲ ಅಂದುಕೊಂಡಿದ್ದೆ. ಸುಳ್ಳು ಅದು. ನಿನ್ನ ನೋಡಾಕ ನನಗ ಧೈರ್ಯ ಇರಲಿಲ್ಲೋ ದಾವಲಾ."

ದಾವಲಸಾಬ ಎಡಗೈ ಎತ್ತಿದ. ಆ ಕೈ ಮೆಲ್ಲಗೆ ಬಂದು, ಮದುಮಗನನ್ನು ಕ್ಯಾಮರಾದ ಕಡೆ ತಿರುಗಿಸುವ ಹಾಗೆ, ಅಂದಾನಪ್ಪನ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಿತು. ಅವನ ಕಣ್ಣು ತನ್ನ ಕಣ್ಣಿಗೆ ಸರಿಯಾಗಿ ಕಾಣುವವರೆಗೆ ಬಿಡಲಿಲ್ಲ.

ನೀತಿ: ದೂರದವರ ದನಿಯನ್ನು ಹತ್ತಿರ ತರುವ ಸಾಧನ ಒಳ್ಳೆಯದೇ. ಆದರೆ ಅದು ನಾವು ಹೋಗದೆ ಉಳಿಯುವುದಕ್ಕೆ ನೆಪವಾಗಬಾರದು. ನಮ್ಮವರು ನಮಗಾಗಿ ಕಾದು ಕೂತಿರುವಾಗ, ಅವರ ಮಾತು ಇನ್ನೂ ಕೇಳುತ್ತಿರುವಾಗಲೇ ಎದ್ದು ಹೋಗಿ ಅವರ ಮುಂದೆ ನಿಲ್ಲಬೇಕು.