ಹೊಳೆಗೆ ಕೇಳಿಸುವ ಜಪ

ಇದು ನಡೆದದ್ದು ಕ್ರಿಸ್‌ಮಸ್‌ಗೆ ಮುಂಚಿನ ವಾರದಲ್ಲಿ.

ಹೊಳೆಯ ದಡದಲ್ಲಿ ಒಂದು ಪುಟ್ಟ ಆಶ್ರಮ. ಅಲ್ಲಿ ತೋಮಯ್ಯ ಗುರುಗಳು. ಅವರ ಬಳಿ ಇನ್ನಾಸಿ ಎಂಬ ಶಿಷ್ಯ.

ಇನ್ನಾಸಿ ಆಶ್ರಮಕ್ಕೆ ಬಂದು ಕೆಲವೇ ತಿಂಗಳಾಗಿತ್ತು. ಅಷ್ಟರಲ್ಲಿ ಅವನಿಗೆ ಮೌನದ ಹುಚ್ಚು ಹಿಡಿದಿತ್ತು. ಕಣ್ಣುಮುಚ್ಚಿ ಕೂತರೆ ಊಟದ ಗಂಟೆಯೂ ಕಿವಿಗೆ ಬೀಳುತ್ತಿರಲಿಲ್ಲ. ತನ್ನ ಪ್ರಾರ್ಥನೆ ಹದಕ್ಕೆ ಬಂದಂತೆಲ್ಲ ಬೇರೆಯವರ ಪ್ರಾರ್ಥನೆ ಅವನಿಗೆ ಗದ್ದಲವಾಗಿ ಕೇಳತೊಡಗಿತು.

ಒಂದು ಬೆಳಿಗ್ಗೆ ಅವನು ಗುರುಗಳ ಬಳಿಗೆ ಓಡಿಬಂದ. ಗುರುಗಳು ಅವರೆ ಬಳ್ಳಿಗೆ ಚಪ್ಪರ ಕಟ್ಟುತ್ತಿದ್ದರು.

"ಸ್ವಾಮಿ, ಒಂದು ಪ್ರಶ್ನೆ!"

"ಈ ಹಗ್ಗ ಹಿಡಿದುಕೊಂಡು ಕೇಳು."

"ದೇವರು ನೋಡುವುದು ಮನಸ್ಸನ್ನು. ಅಲ್ಲವೇ?"

"ಹೌದು. ಇನ್ನೂ ಸ್ವಲ್ಪ ಎಳೆದು ಹಿಡಿ."

"ಹಾಗಾದರೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಗಟ್ಟಿಯಾಗಿ ಯಾಕೆ ಜಪ ಮಾಡಬೇಕು? ಒಬ್ಬರ ಗಮನವನ್ನು ಇನ್ನೊಬ್ಬರು ಕೆಡಿಸುತ್ತಾರೆ. ಒಬ್ಬೊಬ್ಬರೇ ಒಂದೊಂದು ಮೂಲೆಯಲ್ಲಿ ಕೂತರೆ ಸಾಲದೇ?"

ಗುರುಗಳು ಗಂಟು ಬಿಗಿದರು.

"ಮೀನು ಹಿಡಿಯುವ ಚೌರಪ್ಪನ ಮನೆ ಗೊತ್ತಲ್ಲ?"

"ಗೊತ್ತು, ಸ್ವಾಮಿ. ಸ್ವಲ್ಪ ಕೆಳಗೆ, ಹೊಳೆಗೆ ಮುಖ ಮಾಡಿಕೊಂಡಿದೆ."

"ನಾಳೆ ನಸುಕಿಗೆ ಅವರ ಮನೆಯ ಜಪಕ್ಕೆ ಹೋಗು. ಕಿವಿಗೊಟ್ಟು ಕೂತು ಬಾ."

ಇನ್ನಾಸಿ ಹೋದ.

ಚೌರಪ್ಪ ಬಲೆ ಎತ್ತಲು ಕತ್ತಲಲ್ಲೇ ಹರಿಗೋಲು ಬಿಟ್ಟುಕೊಂಡು ಹೋಗಿದ್ದ. ಅವನ ತಾಯಿ ಆರೋಗ್ಯಮ್ಮ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಜಪಸರ. ಹಿಂದೆ ಚೌರಪ್ಪನ ಹೆಂಡತಿ ಲೂರ್ದಮ್ಮ, ಮಗಳು ಫಿಲೊ, ಪುಟ್ಟ ಮಗ ಚಿನ್ನಪ್ಪ. ಬಾಗಿಲು ಪೂರ್ತಿ ತೆರೆದಿತ್ತು. ಪಕ್ಕದಲ್ಲೇ ಆಡು.

ಜಪದ ಮೊದಲ ಅರ್ಧ ಅಜ್ಜಿ ಹೇಳುವಳು. ಉಳಿದ ಅರ್ಧ ಎಲ್ಲರೂ ಹೇಳುವರು.

"ನಮೋ ಮರಿಯಾಆಆ..." ಅಜ್ಜಿ ಎಳೆದಳು. "ಲೂರ್ದೂ, ಹಾಲು ಉಕ್ತಾ ಅದೆ ನೋಡು!" ಮತ್ತೆ ಬಿಟ್ಟಲ್ಲಿಂದ ಎಳೆದಳು.

ಲೂರ್ದಮ್ಮ ಒಲೆಯ ಕಡೆಗೆ ಓಡಿದಳು, ಅಲ್ಲಿಂದಲೇ ಉತ್ತರ ಕೊಟ್ಟಳು. ಫಿಲೊ ಶಾಲೆಗೆ ಹೊತ್ತಾದವಳಂತೆ ಎಲ್ಲರಿಗಿಂತ ಮೊದಲು ಮುಗಿಸಿಬಿಡುವಳು. ಚಿನ್ನಪ್ಪ ಅರ್ಧ ಮಾತು ನುಂಗಿ, ಉಳಿದರ್ಧವನ್ನು ಕಿರುಚುವನು. ಆಡೂ ಸುಮ್ಮನಿರಲಿಲ್ಲ.

ಇನ್ನಾಸಿ ಕೈಮುಗಿದು, ಕಣ್ಣುಮುಚ್ಚಿ, ಬಾಯಿಮುಚ್ಚಿ ಕೂತ.

ಅಜ್ಜಿ ಅವನತ್ತ ತಿರುಗಿದಳು. "ಏನ್ ತಮ್ಮಾ, ಆಶ್ರಮದಲ್ಲಿ ನಾಲಿಗೆ ಇಸ್ಕೊಂಡ್ಬುಟ್ಟವ್ರಾ?"

"ಇಲ್ಲ ಅಜ್ಜಿ. ನಾನು ಮನಸ್ಸಲ್ಲೇ ಹೇಳ್ತಿದ್ದೀನಿ."

"ಊಟಾನೂ ಮನಸ್ಸಲ್ಲೇ ಮಾಡ್ತೀಯಾ?"

ಫಿಲೊ ಕಿಸಕ್ಕೆಂದಳು.

"ಈ ಮನೇಲಿ ನಾಕು ದನಿ," ಎಂದಳು ಅಜ್ಜಿ. "ನೀನು ಬಂದು ಕೂತ್ರೂ ನಾಕೇ."

ಇನ್ನಾಸಿ ಮುಖ ಕೆಂಪಗೆ ಮಾಡಿಕೊಂಡು ಆಶ್ರಮಕ್ಕೆ ಮರಳಿದ.

"ಏನು ಕಿವಿಗೆ ಬಿತ್ತು?" ಎಂದರು ಗುರುಗಳು.

"ಜಪವೊಂದನ್ನು ಬಿಟ್ಟು ಎಲ್ಲವೂ ಬಿತ್ತು, ಸ್ವಾಮಿ! ಒಬ್ಬಳು ಎಳೆಯುತ್ತಾಳೆ. ಒಬ್ಬಳು ಓಡುತ್ತಾಳೆ. ಒಬ್ಬನು ನುಂಗುತ್ತಾನೆ. ಒಬ್ಬಳು ಒಲೆಗೂ ದೇವರಿಗೂ ಒಟ್ಟಿಗೆ ಉತ್ತರ ಕೊಡುತ್ತಾಳೆ."

"ನೀನು ಎಲ್ಲಿ ಕೂತಿದ್ದೆ?"

"ಬಾಗಿಲ ಬಳಿ. ಆಡಿನ ಪಕ್ಕ."

"ಕೂತ ಜಾಗ ಸರಿಯಿಲ್ಲ," ಎಂದರು ಗುರುಗಳು. "ನಾಳೆ ನಸುಕಿಗೆ ಹೊಳೆಯ ಮೆಟ್ಟಿಲಿಗೆ ಬಾ. ಬೇರೆ ಜಾಗದಲ್ಲಿ ಕೂರಿಸುತ್ತೇನೆ."

ಇನ್ನಾಸಿಯ ತಲೆಯಲ್ಲಿ ಉಳಿದದ್ದು ಮೊದಲ ಮಾತು ಮಾತ್ರ. ಕೂತ ಜಾಗ ಸರಿಯಿಲ್ಲ. ಹೌದಲ್ಲ! ಬಾಗಿಲಲ್ಲಿ ಕೂತರೆ ಗದ್ದಲವಾಗದೆ ಇನ್ನೇನು? ತಾನೇ ಮೊದಲು ಹೋಗಿ ಎಲ್ಲವನ್ನೂ ಸರಿಮಾಡಿ, ಆಮೇಲೆ ಗುರುಗಳನ್ನು ಕರೆದು ತೋರಿಸಬೇಕು. ಅವರು ಬೆರಗಾಗಬೇಕು!

ಆ ಹುಮ್ಮಸ್ಸಿನಲ್ಲಿ ಅವನಿಗೆ ಸರಿಯಾಗಿ ನಿದ್ದೆಯೂ ಬರಲಿಲ್ಲ. ನಸುಕಾಗುವ ಮೊದಲೇ ಎದ್ದು, ಹೊಳೆಯ ಮೆಟ್ಟಿಲಿನ ಕಡೆಗೆ ನೋಡದೆ, ಹಿಂಬದಿಯ ಕಾಲುದಾರಿ ಹಿಡಿದು ಚೌರಪ್ಪನ ಮನೆ ಸೇರಿದ.

"ಎಲ್ಲರೂ ಒಳಗಡೆ ಬನ್ನಿ," ಎಂದ. "ಆಡನ್ನು ದೂರ ಕಟ್ಟಿ. ಹಾಲು ಆಮೇಲೆ ಕಾಯಿಸಿದರಾಯಿತು. ಬಾಗಿಲು ಮುಚ್ಚಿ."

"ಬಾಗಿಲು ಮುಚ್ಚೋದಾ?" ಅಜ್ಜಿ ಹೊಸ್ತಿಲು ಬಿಟ್ಟು ಏಳಲಿಲ್ಲ. "ನಮ್ಮತ್ತೆ ಕಾಲದಿಂದ ತೆಗೆದೇ ಇರ್ತದೆ. ಜಪ ಅಂದ್ರೆ ಹೊಳೆಗೆ ಕೇಳಿಸಬೇಕು ಅಂತಿದ್ರು."

"ಯಾಕೆ?"

"ಯಾಕೋ. ಅತ್ತೆ ಹೇಳಿದ್ದಕ್ಕೆಲ್ಲ ಯಾಕೆ ಅನ್ನಕ್ಕಾಯ್ತದಾ?"

"ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಬೇಡಿಕೊಳ್ಳಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ, ಅಜ್ಜಿ."

ಆ ಮಾತಿನ ಮುಂದೆ ಅತ್ತೆಯ ಮಾತು ನಿಲ್ಲಲಿಲ್ಲ. ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಬಂದಳು. ಇನ್ನಾಸಿ ಬಾಗಿಲು ಮುಚ್ಚಿ ಅಗುಳಿ ಹಾಕಿದ.

ಅವನು ಎಲ್ಲರನ್ನೂ ಸಾಲಾಗಿ ಕೂರಿಸಿದ. ಪಿಸುಮಾತಿನಲ್ಲಿ ಜಪ ಶುರುವಾಯಿತು. ಅಜ್ಜಿ ಎಳೆಯಲಿಲ್ಲ. ಫಿಲೊ ಓಡಲಿಲ್ಲ. ಲೂರ್ದಮ್ಮ ಏಳಲಿಲ್ಲ. ಚಿನ್ನಪ್ಪ ಅಮ್ಮನ ತೊಡೆಯ ಮೇಲೆ ನಿದ್ದೆಹೋದ. ಮಣಿಯ ಮೇಲೆ ಮಣಿ ಸರಿಯುವ ಸದ್ದೂ ಕೇಳುತ್ತಿತ್ತು.

ಇನ್ನಾಸಿಯ ಮೈ ಜುಮ್ಮೆಂದಿತು. ಇದೇ! ಇದೇ ಪ್ರಾರ್ಥನೆ! ಗುರುಗಳು ಈಗ ಬಂದು ನೋಡಬೇಕಿತ್ತು!

ಜಪ ಮುಗಿಯಿತು. ಲೂರ್ದಮ್ಮ ಬಾಗಿಲು ತೆಗೆದಳು.

ಹೊಸ್ತಿಲಿನ ಆಚೆ ಏನೂ ಇರಲಿಲ್ಲ. ಬರೀ ಮಂಜು. ಹೊಳೆಯಿಲ್ಲ, ದಡವಿಲ್ಲ, ಅಂಗಳವೂ ಇಲ್ಲ. ಆಡಿನ ದನಿ ಮಾತ್ರ ಎಲ್ಲಿಂದಲೋ ಬರುತ್ತಿತ್ತು.

"ಫಿಲೊ ಅಪ್ಪ ಇನ್ನೂ ಬಂದಿಲ್ಲ," ಎಂದಳು ಲೂರ್ದಮ್ಮ. "ಎಂಥ ಮಂಜಿದ್ರೂ ಜಪ ಮುಗಿಯೋದ್ರೊಳಗೆ ದಡ ಮುಟ್ಟಿರ್ತಿದ್ರು."

ಮನೆಯಿಂದ ಕೆಳಕ್ಕೆ, ಹೊಳೆಗೆ ಅಡ್ಡಲಾಗಿ ಹಳೆಯ ಅಣೆಕಟ್ಟೆಯಿತ್ತು. ಅದರ ಸೆಳೆತಕ್ಕೆ ಸಿಕ್ಕ ಹರಿಗೋಲು ವಾಪಸ್ಸು ಬಂದದ್ದಿಲ್ಲ. ಕಟ್ಟೆಯ ಮೇಲಿಂದ ನೀರು ಬೀಳುವ ಮೊರೆತ ಈಗ ಮಂಜಿನಲ್ಲಿ ಎಲ್ಲ ಕಡೆಯಿಂದಲೂ ಬರುವಂತಿತ್ತು.

ಅಷ್ಟರಲ್ಲಿ ಹೊಳೆಯ ಮೇಲಿಂದ ಒಂದು ಕೂಗು. ಬಹಳ ದೂರ, ಬಹಳ ಸಣ್ಣ.

"ಇನ್ನಾಸೀ!"

ಗುರುಗಳ ದನಿ!

ಗುರುಗಳು ಕೂರಿಸುತ್ತೇನೆಂದ ಬೇರೆ ಜಾಗ ಯಾವುದೆಂದು ಅವನಿಗೆ ಆಗ ಹೊಳೆಯಿತು. ಮೆಟ್ಟಿಲಲ್ಲಿ ಅವನಿಗಾಗಿ ಕಾದು, ಅವನು ಬಾರದಿದ್ದಾಗ ಬಲೆ ಎತ್ತಲು ಹೊರಟಿದ್ದ ಚೌರಪ್ಪನ ಹರಿಗೋಲನ್ನು ಅವರೊಬ್ಬರೇ ಹತ್ತಿದ್ದರು.

ಅಜ್ಜಿ ತೆರೆದ ಬಾಗಿಲನ್ನು ನೋಡಿದಳು. ಹೊಳೆ ಇರಬೇಕಾದ ಕಡೆ ನೋಡಿದಳು.

"ಅಯ್ಯೋ ನಮ್ಮತ್ತೇ!" ಎಂದಳು.

ಇನ್ನಾಸಿ ಆಗಲೇ ಓಡುತ್ತಿದ್ದ. ದಡದುದ್ದಕ್ಕೂ ಎಡವುತ್ತ, ಏಳುತ್ತ ಕಿರುಚಿದ. "ಸ್ವಾಮೀ! ಈ ಕಡೆ! ಚೌರಪ್ಪಣ್ಣಾ, ಈ ಕಡೆ!"

"ಓ!" ಎಂದು ನೀರಿನಿಂದ ಉತ್ತರ ಬಂತು. ಸಿಕ್ಕರು! ಅವನು ಇನ್ನೂ ಜೋರಾಗಿ ಓಡಿದ, ಇನ್ನೂ ಜೋರಾಗಿ ಕೂಗಿದ. ಉತ್ತರವೂ ಅವನ ಜೊತೆಗೇ ಸರಿಯಿತು. ಮತ್ತೂ ಕೆಳಕ್ಕೆ. ಕಟ್ಟೆಯ ಮೊರೆತದ ಕಡೆಗೆ.

ಹಿಂದಿನಿಂದ ಅಜ್ಜಿಯ ಗಂಟಲು ಮಂಜನ್ನು ಸೀಳಿಕೊಂಡು ಬಂತು.

"ಏಯ್ ತಮ್ಮಾ, ನಿಂತ್ಕೋ! ಮನೆ ಹಿಂಗೆ ಓಡಾಡ್ತಿದ್ರೆ ನನ್ ಮಗ ಯಾವ ಕಡೀಕೆ ಬರಬೇಕು? ಬಾ ಇಲ್ಲಿ!"

ಇನ್ನಾಸಿ ನಿಂತ. ತಿರುಗಿ, ಅವಳ ದನಿಯನ್ನೇ ಹಿಡಿದುಕೊಂಡು ಮನೆಗೆ ಓಡಿಬಂದ.

ಅಜ್ಜಿ ಹೊಸ್ತಿಲ ಮೇಲೆ ಎಂದಿನಂತೆ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಜಪಸರ.

"ದಿನಾ ಕೂರೋ ಥರಾನೇ ಕೂತ್ಕಳಿ. ಚಿನ್ನಪ್ಪನ್ನ ಎಬ್ಬಿಸಿ. ಹೂಂ, ಹೇಳಿ. ನಮೋ ಮರಿಯಾಆಆ..."

ಲೂರ್ದಮ್ಮ ಫಿಲೊಳ ಕೈ ಹಿಡಿದು ದನಿ ಎತ್ತಿದಳು. ಚಿನ್ನಪ್ಪನಿಗೆ ಇದೆಲ್ಲ ಆಟ. ಅರ್ಧ ನುಂಗಿ, ಉಳಿದರ್ಧವನ್ನು ಆಕಾಶಕ್ಕೆ ಎಸೆದ.

ಇನ್ನಾಸಿಯೂ ಬಾಯಿ ತೆರೆದ. ತಿಂಗಳುಗಟ್ಟಲೆ ಜಪಕ್ಕೆ ತೆರೆಯದ, ಈಗ ಕೂಗಿ ಕೂಗಿ ಒಡೆದ ಗಂಟಲು. ಮೊದಲು ಬರೀ ಗಾಳಿ. ಆಮೇಲೆ ಒಡಕು ತಗಡಿನಂಥ ಒಂದು ದನಿ.

ಹೇಳಿದರು. ನಿಲ್ಲಿಸಿ ಆಲಿಸಿದರು.

ಏನೂ ಇಲ್ಲ. ಕಟ್ಟೆಯ ಮೊರೆತ.

"ಮತ್ತೆ," ಎಂದಳು ಅಜ್ಜಿ.

ಮತ್ತೆ ಹೇಳಿದರು. ಈ ಸಲ ಅಜ್ಜಿಯ ಅರ್ಧ ಮುಗಿದಾಗ, ಉಳಿದವರು ಬಾಯಿ ತೆರೆಯುವ ಮೊದಲೇ, ನೀರಿನ ಮೇಲಿಂದ ಉಳಿದ ಅರ್ಧ ಬಂತು. ಒರಟು ದನಿ. ಅಜ್ಜಿ ಎಳೆದಂತೆಯೇ ಎಳೆಯುವ ದನಿ.

"ಅಪ್ಪಾ!" ಫಿಲೊ ಎಗರಿ ನಿಂತಳು.

"ಕೂತ್ಕೊಳೇ! ಜಪ ಬಿಡಬೇಡ!"

ಬಿಡಲಿಲ್ಲ. ಈಗ ಮೊದಲ ಅರ್ಧವನ್ನು ಮನೆಯವರೆಲ್ಲ ಹೇಳುವರು, ಹೊಳೆ ಉಳಿದ ಅರ್ಧ ಹೇಳುವುದು. ಮತ್ತೊಮ್ಮೆ, ಮಗದೊಮ್ಮೆ. ಉತ್ತರ ಹತ್ತಿರವಾಯಿತು. ಅದರೊಳಗೆ ಎರಡನೆಯದೊಂದು ದನಿಯೂ ಕೇಳಿತು, ಗುರುಗಳದು. ಆಮೇಲೆ ಹುಟ್ಟು ನೀರಿಗೆ ಬೀಳುವ ಸಪ್ಪಳ. ಇನ್ನಾಸಿ ಅಳುತ್ತಿದ್ದ, ನಗುತ್ತಿದ್ದ, ಕಿರುಚುತ್ತಿದ್ದ. ಮಂಜಿನಲ್ಲಿ ಏನೋ ಕಪ್ಪಾಯಿತು, ದುಂಡಗಾಯಿತು, ದಡಕ್ಕೆ ಧಡ್ಡೆಂದು ಬಡಿಯಿತು.

ಚೌರಪ್ಪ ಹರಿಗೋಲಿನಿಂದ ಹಾರಿದ. ತಲೆಯಿಂದ ಕಾಲಿನವರೆಗೂ ನೀರು ಸುರಿಯುತ್ತಿತ್ತು.

"ಎಲ್ರೂ ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದು ಗುಡುಗಿದ. ಹೀಗೆ ಗುಡುಗುತ್ತಲೇ ಮಗನನ್ನು ಎತ್ತಿ ಎದೆಗೆ ಒತ್ತಿಕೊಂಡ. "ಕಟ್ಟೆ ಸೆಳೆತದಲ್ಲಿ ನೀರು ಹರಿಗೋಲೊಳಕ್ಕೇ ಎರಚ್ತಿತ್ತು! ಮಂಜು ಬಿದ್ರೆ ನಂಗೆ ಬೇರೆ ದಡ ಎಲ್ಲಿದೆ? ಅವ್ವ ಎಳೀತದೆ, ಫಿಲೊ ಓಡ್ತದೆ, ಇವನು ನುಂಗ್ತಾನೆ, ನೀನು ಒಲೆ ಕಡೆ ಹೋಗಿ ಬರ್ತೀಯ. ನಾಕೂ ಕೇಳಿಸ್ತು ಅಂದ್ರೆ ಮನೆ ನೆಟ್ಟಗದೆ ಅಂತ ಆ ಕಡೀಕೆ ಹುಟ್ಟು ಹಾಕ್ತೀನಿ. ಇವತ್ತು ಒಂದೂ ಇಲ್ಲ!"

"ಒಂದಿನಾನಾದ್ರೂ ಹೇಳಬೇಕು ತಾನೆ!" ಲೂರ್ದಮ್ಮ ಅವನ ಹೆಗಲಿಗೆ ಗುದ್ದಿದಳು.

"ದಿನಾ ಮಾಡೋದನ್ನ ಏನಂತ ಹೇಳೋದೇ?"

ಅಜ್ಜಿ ಮಗನ ಹಣೆಯ ಮೇಲೆ ಶಿಲುಬೆ ಗುರುತು ಹಾಕಿ, ಸೆರಗಿನಿಂದ ಅವನ ತಲೆ ಒರೆಸಿದಳು.

ಗುರುಗಳು ನಿಧಾನವಾಗಿ ಇಳಿದು ಪಂಚೆಯ ತುದಿ ಹಿಂಡುತ್ತಿದ್ದರು. ಇನ್ನಾಸಿ ಅವರ ಕಾಲಿಗೆ ಬಿದ್ದ.

"ಬಾಗಿಲು ಮುಚ್ಚಿದ್ದು ನಾನು, ಸ್ವಾಮಿ."

"ಹಾಗೋ?" ಎಂದರು ಗುರುಗಳು. "ಈ ಬುಟ್ಟಿಯ ಆ ಕಡೆ ಹಿಡಿ. ಮೀನು ಎಗರುತ್ತಿವೆ."

ಇಬ್ಬರೂ ಬುಟ್ಟಿ ಹಿಡಿದು ಅಂಗಳ ಹತ್ತಿದರು. ಇನ್ನಾಸಿಗೆ ತಡೆಯಲಾಗಲಿಲ್ಲ.

"ಸ್ವಾಮಿ, ಹಾಗಾದರೆ ಗುಟ್ಟಾಗಿ ಬೇಡಿಕೊಳ್ಳುವುದು ತಪ್ಪೇ?"

"ತಪ್ಪು ಯಾರೆಂದರು? ಹರಿಗೋಲಿನಲ್ಲಿ ನಾನೂ ಗುಟ್ಟಾಗಿಯೇ ಬೇಡುತ್ತಿದ್ದೆ."

"ಏನೆಂದು?"

"ಯಾರಾದರೂ ಗಟ್ಟಿಯಾಗಿ ಜಪ ಮಾಡಲಿ ಎಂದು."

ಇನ್ನಾಸಿ ಬುಟ್ಟಿ ಇಳಿಸಿದ. ಹೊಸ್ತಿಲ ಮೇಲೆ ಅಜ್ಜಿ ಆಗಲೇ ಕಾಲು ಚಾಚಿ ಕೂತು, ಹಾಲು ಕಾಯಿಸಲು ಸೊಸೆಯನ್ನು ಕೂಗುತ್ತಿದ್ದಳು.

"ಆಮೇಲೆ, ಸ್ವಾಮಿ?"

"ಆಮೇಲೆ ದನಿಗಳು ಬಂದವು. ಚೌರಪ್ಪ ಒಂದೊಂದನ್ನೇ ಎಣಿಸಿದ. ನಾನೂ ಎಣಿಸಿದೆ."

"ಎಷ್ಟು ಬಂದವು?"

"ಐದು."